ನಾಲ್ಕು ಬ್ರೆಡ್ಡು ಉದ್ದದ ಹಾವು

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳಲ್ಲಿ ಒಂದು ಮುಂಗುಸಿ ರಸ್ತೆ ದಾಟಬೇಕೆಂದರೆ ಮೊದಲು ನನ್ನ ಭಾವನ ಅಪ್ಪಣೆ ಪಡೆಯಬೇಕು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಾನೂ ಮೊದಲು ನಂಬಿರಲಿಲ್ಲ. ಎರಡು ವರ್ಷ ಅವರ ವ್ಯಾನು ಓಡಿಸಿದ ಮೇಲೆ ಈಗೀಗ ಅನುಮಾನ ಶುರುವಾಗಿದೆ. ನಮ್ಮ ವ್ಯಾನು ಕಂಡರೆ ಸಾಕು, ಮುಂಗುಸಿಗಳು ರಸ್ತೆಯಂಚಿನಲ್ಲೇ ಕೂತು, ಭಾವ ಪೆನ್ನು ಹುಡುಕಿಕೊಳ್ಳುವವರೆಗೆ ಕಾಯುತ್ತವೆ! ಕಾಯದೆ ಇನ್ನೇನು ಮಾಡಿಯಾವು? ಬರೆಸದೆ ಹೋದರೆ ಈ ಮನುಷ್ಯ ಪೊದೆಯೊಳಗೆ ಹಿಂದೆಯೇ ನುಗ್ಗಿ ಬರುತ್ತಾನೆ ಎಂದು ಅವಕ್ಕೂ ಗೊತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಕೆಲಸ, ಬೇಕರಿ ಲೈನ್ ಸೇಲ್. ತೀರ್ಥಹಳ್ಳಿಯ ಬೇಕರಿಯೊಂದರಿಂದ ಬೆಳಿಗ್ಗೆ ಬ್ರೆಡ್ಡು, ಬನ್ನು, ಖಾರ ಬಿಸ್ಕತ್ತು ತುಂಬಿಕೊಂಡು ದಿನಕ್ಕೊಂದು ದಿಕ್ಕಿಗೆ ಹೋಗಿ ಹಳ್ಳಿಯ ಅಂಗಡಿಗಳಿಗೆ ಹಾಕಿ ಬರುವುದು. ಸೋಮವಾರ ಆಗುಂಬೆ ಕಡೆ, ಮಂಗಳವಾರ ಹೊಸನಗರ ಮತ್ತು ನಗರವೆಂಬ ಊರು, ಗುರುವಾರ ಸಾಗರ. ಇದು ಕೆಲಸ. ಹುಚ್ಚು ಬೇರೆ ಇದೆ. ದಾರಿಯಲ್ಲಿ ಕಂಡ ಪ್ರಾಣಿ, ಪಕ್ಷಿ, ಹಾವು, ಕಪ್ಪೆಗಳನ್ನೆಲ್ಲ ಆರ್ಡರ್ ಹಾಳೆಯ ಹಿಂಬದಿಯಲ್ಲಿ ಬರೆದಿಡುವುದು. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡುತ್ತಿತ್ತು, ಎಲ್ಲವೂ ಬೇಕು. ವಾರಕ್ಕೊಮ್ಮೆ ಆ ಹಾಳೆಗಳ ಫೋಟೋ ತೆಗೆದು ಶಿವಮೊಗ್ಗದಲ್ಲಿ ಕಾಡುಪ್ರಾಣಿಗಳ ಬಗ್ಗೆ ಓದುತ್ತಿರುವ ಒಬ್ಬ ಹುಡುಗಿಗೆ ಕಳಿಸುತ್ತಾರೆ. ಆಕೆ ಅದನ್ನು ಕಂಪ್ಯೂಟರಿಗೆ ಹಾಕಿ, ಯಾರು ಬೇಕಾದರೂ ನೋಡುವಂತೆ ಜಾಲತಾಣಕ್ಕೆ ಸೇರಿಸುತ್ತಾಳೆ. ಹೀಗಾಗಿ ತೀರ್ಥಹಳ್ಳಿಯ ಖಾರ ಬಿಸ್ಕತ್ತಿನ ಎಣ್ಣೆ ಕಲೆಯನ್ನು ಈಗ ಇಡೀ ಪ್ರಪಂಚ ನೋಡಬಹುದು.

ಮೊದಲು ವ್ಯಾನನ್ನು ಭಾವನೇ ಓಡಿಸುತ್ತಿದ್ದರು. ಕೈ ಸ್ಟೇರಿಂಗ್ ಮೇಲೆ, ಕಣ್ಣು ಮರದ ಮೇಲೆ. ಎರಡು ಸಲ ವ್ಯಾನು ಚರಂಡಿಗಿಳಿಯಿತು. ಎರಡನೇ ಸಲ ಇಳಿದಾಗ, ಜನ ಬಂದು ಎಳೆಯುವಷ್ಟರಲ್ಲಿ ಭಾವ ಚರಂಡಿಯ ಏಡಿಯನ್ನೂ ಬರೆದು ಮುಗಿಸಿದ್ದರಂತೆ. ಅವತ್ತು ಅಕ್ಕ ತೀರ್ಪು ಕೊಟ್ಟಳು: "ಇನ್ಮೇಲೆ ಇವ್ರು ಸ್ಟೇರಿಂಗ್ ಮುಟ್ಟಿದ್ರೆ ನಾ ಒಲೆ ಮುಟ್ಟಲ್ಲ!"

ನಾನಾಗ ಡಿಗ್ರಿ ಮುಗಿಸಿ, ಗಣಪತಿ ಪೆಂಡಾಲುಗಳಲ್ಲಿ ಮಿಮಿಕ್ರಿ ಮಾಡಿಕೊಂಡಿದ್ದೆ. ನನ್ನನ್ನು ನಾನು ಕಲಾವಿದ ಎಂದು ಕರೆದುಕೊಳ್ಳುತ್ತಿದ್ದೆ; ಮನೆಯವರು ಬೇರೆ ಪದ ಬಳಸುತ್ತಿದ್ದರು. ವರ್ಷದಲ್ಲಿ ಹತ್ತು ದಿನ ಕಲಾವಿದನಾಗಿ, ಉಳಿದ ದಿನ ಆ ಬೇರೆ ಪದವಾಗಿ ಬದುಕುತ್ತಿದ್ದವನ ಕೈಗೆ ಅಕ್ಕ ವ್ಯಾನಿನ ಕೀಲಿ ಕೊಟ್ಟಳು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಹಾವಿನ ಕಥೆಯನ್ನೇ ಕೇಳಿ. ಒಂದು ಬೆಳಿಗ್ಗೆ ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತ ಹಾವೊಂದು ಬಿದ್ದಿತ್ತು. "ನಿಲ್ಸು ನಿಲ್ಸು ನಿಲ್ಸು!" ಭಾವ ಯಾವುದನ್ನೂ ಒಂದು ಸಲ ಹೇಳುವವರಲ್ಲ. ಇಳಿದರು. ಹಾವಿನ ಉದ್ದ ಬರೆಯಬೇಕು, ಅಳೆಯಲು ಏನೂ ಇಲ್ಲ. ವ್ಯಾನಿನ ಹಿಂದಿನ ಬಾಗಿಲು ತೆಗೆದರು. ಒಂದೊಂದೇ ಬ್ರೆಡ್ಡು ತಂದು ಹಾವಿನ ಪಕ್ಕ ಸಾಲಾಗಿ ಜೋಡಿಸಿದರು. ಹಾಳೆಯಲ್ಲಿ ಬರೆದರು: "ಕೇರೆಹಾವು. ಉದ್ದ ನಾಲ್ಕು ಬ್ರೆಡ್ಡು, ಮೇಲೆ ಬಾಲ ಸ್ವಲ್ಪ." ಬ್ರೆಡ್ಡಿಗೆ ಪ್ಲಾಸ್ಟಿಕ್ ಕವರ್ ಇತ್ತು, ಹಾವಿಗೆ ತಾಗಿಸಲೂ ಇಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡುತ್ತೇನೆ. ಆದರೂ ಆ ನಾಲ್ಕು ಬ್ರೆಡ್ಡನ್ನು ಅಂಗಡಿಗೆ ಹಾಕಲು ಭಾವನ ಮನಸ್ಸು ಒಪ್ಪಲಿಲ್ಲ. ಮನೆಗೆ ತಂದರು. ಅಕ್ಕ ಸಂಭ್ರಮದಿಂದ ಬ್ರೆಡ್ ಉಪ್ಪಿಟ್ಟು ಮಾಡಿ ಬಡಿಸಿ, ನಾನು ವಿಷಯ ಹೇಳುವಷ್ಟರಲ್ಲಿ ತಾನೂ ಎರಡು ಸಲ ಹಾಕಿಕೊಂಡಿದ್ದಳು.

ಎರಡು ದಿನಕ್ಕೆ ಶಿವಮೊಗ್ಗದ ಹುಡುಗಿಯ ಫೋನು. ಸ್ಪೀಕರ್‌ನಲ್ಲಿ ನಾನೂ ಕೇಳುತ್ತಿದ್ದೆ.

"ಅಂಕಲ್, ಇಲ್ಲಿ ನಾಲ್ಕು ಬ್ರೆಡ್ಡು ಅಂತಿದೆ?"

"ಹೌದಮ್ಮ, ಹಾವಿಂದು."

"ಹಾವು ಬ್ರೆಡ್ ತಿಂದಿತ್ತಾ?"

"ಹಾವೆಲ್ಲಾದ್ರೂ ಬ್ರೆಡ್ ತಿಂತದಾ ಮಾರಾಯ್ತಿ! ಪಕ್ಕದಲ್ಲಿಟ್ಟು ಅಳ್ದಿದ್ದು."

ಆ ಕಡೆ ಹಾಳೆ ತಿರುವಿದ ಸದ್ದು. ಆಮೇಲೆ, "ದೊಡ್ಡ ಬ್ರೆಡ್ಡಾ, ಸಣ್ಣ ಬ್ರೆಡ್ಡಾ?"

ಭಾವನ ಮುಖ ಅರಳಿತು. "ನೋಡು, ಓದಿದೋರ ಪ್ರಶ್ನೆ ಅಂದ್ರೆ ಹಿಂಗಿರ್ಬೇಕು" ಎಂದು ನನ್ನನ್ನು ಅಣಕಿಸಿ, ಮರುದಿನವೇ ಬಸ್ಸಿನಲ್ಲಿ ಒಂದು ಬ್ರೆಡ್ಡನ್ನು ಪಾರ್ಸೆಲ್ ಕಳಿಸಿದರು. ಮತ್ತೆ ಫೋನು: "ಅಂಕಲ್, ಇನ್ನೊಂದು ಕಳಿಸ್ತೀರಾ? ಅಳೆಯೋ ಮೊದ್ಲೇ ಹಾಸ್ಟೆಲ್‌ನೋರು ತಿಂದ್ಬಿಟ್ರು." ಕೊನೆಗೆ ಆಕೆಯೇ ಸೋತು ಒಂದು ಅಳತೆ ಟೇಪು ಕಳಿಸಿಕೊಟ್ಟಳು. ಆ ಟೇಪನ್ನು ಭಾವ ಏನು ಮಾಡುತ್ತಾರೆ ಗೊತ್ತೇ? ದಿನಾ ಬೆಳಿಗ್ಗೆ ಬೇಕರಿಯಲ್ಲಿ ಬ್ರೆಡ್ಡು ಅಳೆಯುತ್ತಾರೆ. ಬ್ರೆಡ್ಡು ಗಿಡ್ಡವಾದರೆ ಲೆಕ್ಕದಲ್ಲಿ ಹಾವು ಉದ್ದವಾಗುತ್ತದಲ್ಲ!

ಇದು ಅವರೊಬ್ಬರ ಹುಚ್ಚಾಗಿದ್ದರೆ ಸಹಿಸಬಹುದಿತ್ತು. ಅಂಗಡಿಯವರಿಗೂ ಹಚ್ಚಿದರು. ಟ್ರೇ ಇಳಿಸುವ ಮೊದಲೇ ಪ್ರಶ್ನೆ: "ಎಂತ ಕಂಡ್ರಿ ಈ ವಾರ?" ಕಂಡದ್ದು ಹೇಳಿದವರಿಗೆ ಭಾವನ ಲೆಕ್ಕದಲ್ಲಿ ಒಂದು ಬನ್ನು ಬಿಟ್ಟಿ. ನೋಡಿ ಮಜ! ತಿಂಗಳೊಳಗೆ ಮೂರು ತಾಲ್ಲೂಕಿನ ವನ್ಯಸಂಪತ್ತು ಉಕ್ಕಿ ಹರಿಯಿತು. ಪ್ರತಿ ಬಸ್‌ಸ್ಟ್ಯಾಂಡಿಗೆ ಒಂದು ಚಿರತೆ, ಪ್ರತಿ ಮೋರಿಗೆ ಒಂದು ಕಾಳಿಂಗ. ಸಾಗರದ ದಾರಿಯಲ್ಲೊಬ್ಬ ಅಜ್ಜ ಬಂದು ಸಿಂಹ ಕಂಡೆ ಎಂದ.

"ಎಲ್ಲಿ ಅಜ್ಜಾ?"

"ಟೀವೀಲಿ."

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಭಾವ ಗಂಭೀರವಾಗಿ ಬನ್ನು ತೆಗೆದುಕೊಟ್ಟರು. "ಇವತ್ತಿನ ದಿನದಲ್ಲಿ ಸತ್ಯ ಹೇಳಿದೋರು ಇವ್ರೊಬ್ರೇ ಮಾರಾಯ!"

ಇದಕ್ಕೆ ಪರಿಹಾರ ಕೇಳಿದಾಗ ಶಿವಮೊಗ್ಗದ ಹುಡುಗಿ ಒಂದು ಮಾತು ಹೇಳಿದಳು. ಆಕೆ ಪಾಪ ಒಳ್ಳೆಯದಕ್ಕೇ ಹೇಳಿದ್ದು. "ಅಂಕಲ್, ಕಾಣಲಿಲ್ಲ ಅನ್ನೋದೂ ದಾಖಲೆಯೇ. ಆದ್ರೆ ಒಂದೇ ಜಾಗದಲ್ಲಿ ಹತ್ತು ನಿಮಿಷ ನಿಂತು ಸರಿಯಾಗಿ ನೋಡಿರ್ಬೇಕು." ಅಷ್ಟು ಸಾಕಾಯಿತು. ಮರುದಿನದಿಂದ ಕಾಯ್ದೆ ಬದಲು: ಹತ್ತು ನಿಮಿಷ ನೋಡಿ, ಏನೂ ಕಾಣದಿದ್ದರೆ ಬನ್ನು!

ಏನೂ ಕಾಣದಿರುವುದರಲ್ಲಿ ನಮ್ಮ ಜನರನ್ನು ಮೀರಿಸಿದವರುಂಟೇ? ನಗರದ ರಸ್ತೆಯ ತಿರುವಿನಲ್ಲಿ ಸರೋಜಕ್ಕನ ಚಹಾದಂಗಡಿ ಇದೆ. ಮಂಗಳವಾರ ನಾವು ಹೋಗುವಷ್ಟರಲ್ಲಿ ನಾಲ್ಕು ಜನ ರಸ್ತೆಯಲ್ಲಿ ಸಾಲಾಗಿ ನಿಂತು ಕತ್ತೆತ್ತಿ ಮರ ನೋಡುತ್ತಿದ್ದರು. ಕವಲೇದುರ್ಗ ನೋಡಿ ಬರುತ್ತಿದ್ದ ಪ್ರವಾಸಿಗರ ಕಾರೊಂದು ನಿಂತಿತು. ಅವರೂ ಇಳಿದು ಕತ್ತೆತ್ತಿದರು.

"ಏನಿದೆ ಸಾರ್ ಅಲ್ಲಿ?"

"ಎಂತ ಇಲ್ಲ."

"ಮತ್ತೆ ಯಾಕೆ ನೋಡ್ತಾ ಇದೀರಾ?"

"ಎಂತ ಇಲ್ಲ ಅಂತ ನೋಡ್ತಾ ಇದೀವಿ. ಸ್ವಲ್ಪ ಬದಿಗೆ ಬನ್ನಿ, ಇನ್ನೂ ಮೂರು ನಿಮಿಷ ಉಂಟು."

ಸರೋಜಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ನೋಡ್ರಾ, ನಿಮ್ಮ ಬನ್ನಿನ ದೆಸೆಯಿಂದ ನನ್ನ ಚಾ ಕುಡಿಯೋರೇ ಇಲ್ಲ. ಎಲ್ರೂ ಕತ್ತು ಮೇಲೆ ಮಾಡ್ಕಂಡು ನಿಂತ್ರೆ ಚಾ ಎಲ್ಲಿಗೆ ಹೊಯ್ಲಿ?" ಅಂದಿನಿಂದ ಬನ್ನಿನ ಯೋಜನೆಯೇ ರದ್ದಾಯಿತು.

ನನ್ನ ಸಂಕಟ ನಿಮಗೆ ಅರ್ಥವಾಗಬೇಕು. ನಾನು ಎಂಥವರ ದನಿಯನ್ನಾದರೂ ತೆಗೆಯಬಲ್ಲೆ. ಒಮ್ಮೆ ಸೇಡು ತೀರಿಸಿಕೊಳ್ಳಲು ವ್ಯಾನಿನ ಹಿಂದೆ ಅಡಗಿ, ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ ಹಾಗೆ ಗಹಗಹಿಸಿ ಕೂಗಿದೆ. ಭಾವ ಪೆನ್ನು ತೆಗೆದು ದಿನ, ಹೊತ್ತು, ಜಾಗ ಎಲ್ಲ ಬರೆದರು. ನಾನು ಹೊರಗೆ ಬಂದು ಬಿದ್ದು ಬಿದ್ದು ನಕ್ಕೆ. ಬಯ್ಯಲಿಲ್ಲ. ಬರೆದದ್ದಕ್ಕೆ ಒಂದು ಗೀಟು ಹಾಕಿ, ಮುಂದೆ ಅಂದವಾದ ಅಕ್ಷರದಲ್ಲಿ ತಿದ್ದಿದರು: "ಮಂಗಟ್ಟೆ ಅಲ್ಲ. ಭಾಮೈದ." ಅದೂ ಶಿವಮೊಗ್ಗಕ್ಕೆ ಹೋಯಿತು!

ಬನ್ನು ನಿಂತರೂ ಹತ್ತು ನಿಮಿಷ ನಿಲ್ಲಲಿಲ್ಲ. ಸರೋಜಕ್ಕನ ಅಂಗಡಿಯ ಎದುರು ಮೂರು ದೊಡ್ಡ ಮರಗಳು. ಈಚೆ ಬದಿಗೆ ನೇರಳೆ ಮತ್ತು ಹೆಬ್ಬಲಸು, ಆಚೆ ಬದಿಗೆ ಧೂಪ. ರಸ್ತೆಯ ಮೇಲೆ ಅವುಗಳ ಕೊಂಬೆಗಳು ಒಂದಕ್ಕೊಂದು ಕೂಡಿಕೊಂಡಿವೆ. ಆ ಕೊಂಬೆಗಳ ಮೇಲೆ ಕೆಂಜಳಿಲು ಓಡಾಡುತ್ತದೆ. ಮನೆಯಂಗಳದ ಮೂರು ಪಟ್ಟೆಯ ಪುಟ್ಟ ಅಳಿಲಲ್ಲ. ಬೆಕ್ಕಿನಷ್ಟು ದೊಡ್ಡದು, ಕೆಂಪು ಮೈ, ಮೈಗಿಂತ ಉದ್ದದ ಬಾಲ. ಅದು ನೆಲಕ್ಕಿಳಿಯುವುದು ಅಪರೂಪ. ಆಚೆ ಕಾಡಿನಿಂದ ಈಚೆ ಕಾಡಿಗೆ ಬರಲು ಆ ಸುತ್ತಿನಲ್ಲಿ ಅದಕ್ಕಿರುವುದು ಇದೊಂದೇ ದಾರಿ. ಪ್ರತಿ ಮಂಗಳವಾರ ಇಲ್ಲಿ ಎಂಜಿನ್ ಬಂದ್. ಭಾವ ಒಳಗೆ ಹೋಗಿ ಟ್ರೇ ಇಳಿಸಿ ಆರ್ಡರ್ ಬರೆದುಕೊಳ್ಳುವಾಗ ನಾನು ಬಾನೆಟ್ಟಿಗೆ ಒರಗಿ ಮರ ಕಾಯಬೇಕು. ಹಸಿವು, ಸೆಕೆ, ರಕ್ತ ಹೀರುವ ಉಂಬಳದ ಕಾಟ! ಕಂಡರೆ ಕೂಗಿ ಹೇಳುತ್ತಿದ್ದೆ, ಅದೂ ಗೌರವದಿಂದಲ್ಲ. ಭಾವ ಒಳಗಿನಿಂದಲೇ "ಯಾವ ಮರ? ಎಷ್ಟು ಹೊತ್ತು?" ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಆ ಹಾಳೆಯ ಕಡೆ ನಾನು ಒಂದು ದಿನವೂ ಕಣ್ಣು ಹಾಯಿಸಿದವನಲ್ಲ.

ಈ ವರ್ಷ ಬೇಸಿಗೆಯಲ್ಲಿ ಹೋದಾಗ ಆ ರಸ್ತೆಯುದ್ದಕ್ಕೂ ಮರಗಳ ಮೈಮೇಲೆ ಬಣ್ಣದಲ್ಲಿ ನಂಬರು ಬರೆದಿತ್ತು. ರಸ್ತೆ ಅಗಲವಾಗುತ್ತದಂತೆ. ನಮ್ಮ ಮೂರು ಮರಗಳಿಗೂ ನಂಬರು ಬಿದ್ದಿತ್ತು. ಭಾವ ಅವುಗಳನ್ನು ಮುಟ್ಟಿ ನೋಡಿದರು. ಬಣ್ಣ ಇನ್ನೂ ಹಸಿ ಇತ್ತು; ಕೈಗಂಟಿತು. ಅವತ್ತು ತೀರ್ಥಹಳ್ಳಿಯವರೆಗೆ "ನಿಲ್ಸು" ಎಂಬ ಪದವೇ ಬರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಹೊತ್ತಿಗೆ ಸರಿಯಾಗಿ ಮನೆ ಸೇರಿದೆವು. ಅಕ್ಕ ಹೆದರಿ, "ಹುಷಾರಿಲ್ವಾ ಇವ್ರಿಗೆ?" ಎಂದು ನನ್ನನ್ನು ಕೇಳಿದಳು.

ಮರ ಕಡಿಯುವ ಬಗ್ಗೆ ಆಕ್ಷೇಪಣೆ ಇದ್ದವರು ಬಂದು ಹೇಳಬಹುದು ಎಂದು ಹೊಸನಗರದ ಅರಣ್ಯ ಇಲಾಖೆ ಕಚೇರಿಯಲ್ಲಿ ಸಭೆ ಕರೆದರು. ಭಾವನಿಗೆ ರಸ್ತೆ ಬೇಡ ಎಂದೇನೂ ಇರಲಿಲ್ಲ. ರಸ್ತೆ ಇಲ್ಲದೆ ಬನ್ನು ಮಾರುವುದೆಲ್ಲಿ? "ತಿರುವಲ್ಲಿ ಆ ಮೂರು ಮರ ಬಿಟ್ರೆ ಸಾಕು ಕಣಾ. ರಸ್ತೇನ ಒಂಚೂರು ಆಚೆ ತಗಂಡ್ರೆ ಆಗ್ತದೆ." ಶಿವಮೊಗ್ಗದ ಹುಡುಗಿ ಆ ತಿರುವಿನ ಎರಡು ವರ್ಷದ ಮಂಗಳವಾರಗಳನ್ನೆಲ್ಲ ಅಚ್ಚು ಹಾಕಿ ಕಳಿಸಿದಳು. ಭಾವ ಮದುವೆಗೆ ಹೊಲಿಸಿದ್ದ ಬಿಳಿ ಶರಟು ಹಾಕಿದರು. ಗುಂಡಿ ಹೊಟ್ಟೆಯ ಮೇಲೆ ಜೀವ ಹಿಡಿದುಕೊಂಡಿತ್ತು.

ಸಭೆಯಲ್ಲಿ ಭಾವನ ಸರದಿ ಬಂತು. ನಾನು ಹಿಂದಿನ ಸಾಲಿನಲ್ಲಿ ಕೂತು, ಅಧಿಕಾರಿ ಕನ್ನಡಕ ಜಾರಿಸಿಕೊಂಡು ನೋಡುವುದನ್ನು ಪಕ್ಕದವರಿಗೆ ಮಾಡಿ ತೋರಿಸುತ್ತಿದ್ದೆ. ದಿನಕ್ಕೆ ಹತ್ತು ಗಂಟೆ ನನ್ನ ತಲೆ ತಿನ್ನುವ ಭಾವ ಅಲ್ಲಿ ಎದ್ದು ನಿಂತು, "ಸಾರ್... ಮರ... ಮೂರು..." ಎಂದು ಹೇಳಿ ಹಾಳೆಗಳನ್ನು ಮೇಜಿನ ಮೇಲಿಟ್ಟುಬಿಟ್ಟರು. ಅಧಿಕಾರಿ ಪುಟ ತಿರುವಿದರು.

"ನೋಡಿದವರು ಅನ್ನೋ ಕಡೆ ಪ್ರತಿ ಸಾಲಿನಲ್ಲೂ ಒಂದೇ ಹೆಸರಿದೆ. ಇವರು ಯಾರು? ಬಂದಿದ್ದಾರಾ?"

ಓದಿದರು. ನನ್ನ ಹೆಸರು! ತಂದೆಯ ಹೆಸರು, ಊರಿನ ಸಮೇತ!

ಕನ್ನಡಕ ಜಾರಿಸಿದ ಭಂಗಿಯಲ್ಲೇ ನಾನು ಕಲ್ಲಾದೆ. ಭಾವ ತಿರುಗಿ ನನ್ನತ್ತ ಕೈ ತೋರಿಸಿದರು. ಎದ್ದು ಮುಂದೆ ಹೋಗಿ ಪಿಸುಗುಟ್ಟಿದೆ: "ಭಾವ, ಇದೆಂತ ಕರ್ಮ?"

"ಮೊದ್ಲು ಕಂಡೋನು ನೀನೇ ಅಲ್ವಾ? ಕಂಡೋರ ಹೆಸರು ತಾನೇ ಬರೀಬೇಕು."

ಅಷ್ಟಕ್ಕೇ ಮುಗಿಯಲಿಲ್ಲ. ಹಾಳೆಯ ಕೊನೆಯಲ್ಲಿ 'ಷರಾ' ಎಂದೊಂದು ಕಾಲಂ. ನಾನು ಕೂಗಿದ್ದನ್ನು ಭಾವ ಅಕ್ಷರ ಬಿಡದೆ ಅಲ್ಲಿ ಬರೆದಿಟ್ಟಿದ್ದರು. ಅಧಿಕಾರಿ ಗಟ್ಟಿಯಾಗಿ ಓದತೊಡಗಿದರು.

"'ಅಕೋ, ನಿಮ್ಮ ನೆಂಟ ಬಂದ. ಬರ್ಕಂಡು ಬನ್ನಿ, ಹಸಿವು.'" ಪುಟ ತಿರುಗಿತು. "'ಎರಡು ಬಂದ್ವು. ಗಂಡ ಹೆಂಡ್ತಿ ಇರ್ಬೇಕು, ಮಾತಿಲ್ಲ ಕತೆಯಿಲ್ಲ.'" ಮತ್ತೊಂದು ಪುಟ. "'ಈ ದರಿದ್ರ ಅಳಿಲು ನೇರಳೆ ಮರದಲ್ಲಿ ಕೂತು ಹಣ್ಣು ತಿಂತಾ ಇದೆ, ನನಗೆ ಮಾತ್ರ ಒಂದು ಬನ್ನಿಗೂ ಗತಿಯಿಲ್ಲ.'"

ಸಭೆ ಹೋ ಎಂದು ನಕ್ಕಿತು. ಊರವರನ್ನೆಲ್ಲ ಆಡಿಕೊಂಡು ನಗಿಸಿದವನು ನಾನು. ನನ್ನದೇ ಮಾತಿಗೆ ಜನ ನಗುವಾಗ ಎಲ್ಲಿ ನೋಡಬೇಕೆಂದು ತಿಳಿಯದೆ ಫ್ಯಾನು ನೋಡಿದೆ. ಅಧಿಕಾರಿ ಮಾತ್ರ ನಗಲಿಲ್ಲ.

"ಪ್ರಾಣಿ ಅಂದ್ರೆ ಪ್ರಾಣ ಬಿಡೋರು ಬರೆದದ್ದನ್ನ ನಾನು ಅರ್ಧ ನಂಬ್ತೀನಿ. ಇಷ್ಟು ಬೈಕೊಂಡು ನೋಡಿದವರನ್ನ ಹೇಗ್ರೀ ನಂಬದೆ ಇರೋದು? ನೀವು ಹೇಳಿ, ಇದೆಲ್ಲ ನಿಜಾನಾ?"

ನನಗೆ ಇಪ್ಪತ್ತು ಜನರ ದನಿ ಬರುತ್ತದೆ. ಆ ಹೊತ್ತಿಗೆ ಒಬ್ಬರದ್ದೂ ಬರಲಿಲ್ಲ. "ನಿಜ ಸಾರ್. ಮೂರು ಮರ ಬಿಡಿ ಸಾರ್" ಎಂದಷ್ಟೇ ಹೇಳಿ ಕೂತೆ.

ಮಂಗಳವಾರ ತಾನೇ ಬಂದು ನೋಡುತ್ತೇನೆ ಎಂದರು ಅಧಿಕಾರಿ. ಹೇಳಿದ ಹಾಗೆ ಬಂದರು. ಸರೋಜಕ್ಕ ಬಾಯಿಗೆ ಸೆರಗು ಮುಚ್ಚಿ ನಿಂತಳು. ಭಾವ ವಾಚು ನೋಡಿ, "ಈಗಿಂದ ಹತ್ತು ನಿಮಿಷ ಸಾರ್" ಎಂದರು. ನೋಡಿದೆವು. ಎರಡು ನಿಮಿಷ. ಐದು ನಿಮಿಷ. ಒಂದು ಎಲೆಯೂ ಅಲ್ಲಾಡಲಿಲ್ಲ. ವಾರ ವಾರ ನನ್ನ ತಲೆಯ ಮೇಲೆ ನೇರಳೆ ಬೀಜ ಉಗುಳುತ್ತಿದ್ದ ಆ ಮೃಗಕ್ಕೆ ಇವತ್ತೇ ಏನು ಕೆಲಸ ಬಂದಿತ್ತು? ಎಂಟು ನಿಮಿಷವಾದಾಗ ನನಗೆ ತಡೆಯಲಾಗಲಿಲ್ಲ. ಕೆಂಜಳಿಲಿನ ಕಟಕಟ ಕೂಗು ನನಗೆ ನೀರು ಕುಡಿದಷ್ಟು ಸಲೀಸು. ಅಂಗಡಿಯ ಹಿಂದೆ ಸರಿದು ಒಂದೇ ಒಂದು ಸಲ ಕೂಗಿದರೆ ಸಾಕು, ಕೊಂಬೆಯೊಳಗೆಲ್ಲೋ ಇದೆ ಎಂದು ಸಾಹೇಬರು ನಂಬುತ್ತಾರೆ. ಮೆಲ್ಲಗೆ ಹೆಜ್ಜೆ ಹಿಂದಿಟ್ಟೆ. ಭಾವ ಮರದಿಂದ ಕಣ್ಣು ತೆಗೆಯದೆಯೇ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬೇಡ."

ಅಷ್ಟೇ. ಹತ್ತು ನಿಮಿಷ ಮುಗಿಯಿತು. ಭಾವ ಹಾಳೆ ತೆಗೆದು, ಅಧಿಕಾರಿಯ ಮುಂದೆಯೇ ಬರೆದರು. ಅವರು ಬಗ್ಗಿ ನೋಡಿದರು.

"ಕಾಣಲಿಲ್ಲ ಅಂತಾನೇ ಬರೆದ್ರಾ?"

"ಕಾಣ್ಲಿಲ್ಲ ಅಲ್ವಾ ಸಾರ್."

ಅಧಿಕಾರಿ ಮರವನ್ನೊಮ್ಮೆ, ಭಾವನನ್ನೊಮ್ಮೆ ನೋಡಿದರು. ಮೊಬೈಲಿನಲ್ಲಿ ಆ ಹಾಳೆಯ ಫೋಟೋ ತೆಗೆದುಕೊಂಡು ಜೀಪು ಹತ್ತಿದರು. ಜೀಪು ತಿರುವು ದಾಟಿ ಮರೆಯಾಯಿತೋ ಇಲ್ಲವೋ, ಧೂಪದ ಮರದಿಂದ ಕೆಂಪು ಮಿಂಚಿನ ಹಾಗೆ ಒಂದು ಜಿಗಿತ!

"ಬಂತು ಭಾವ! ಬಂತು! ಅಯ್ಯೋ, ಇದರ ಮನೆ ಹಾಳಾಗ! ಹತ್ತಿ, ಜೀಪು ಹಿಡಿಯಣ!"

"ಎಂತಕ್ಕೆ? ಹತ್ತು ನಿಮಿಷ ಮುಗ್ದಿತ್ತು" ಎಂದರು ಭಾವ, ಬರೆಯುತ್ತಲೇ.

ಮೂರು ಮರ ಉಳಿದವು. ಅದು ತಿಳಿದದ್ದು ಆಮೇಲೆ, ಮಳೆ ಹಿಡಿಯುವ ಹೊತ್ತಿಗೆ. ಆ ರಸ್ತೆಯ ಉಳಿದ ಮರಗಳೆಲ್ಲ ಹೋದವು. ಅವುಗಳ ಪರವಾಗಿ ಯಾರ ಬಳಿಯೂ ಒಂದು ಹಾಳೆ ಇರಲಿಲ್ಲ.

ಅವತ್ತು ಮಾತ್ರ ನಮಗೇನೂ ಗೊತ್ತಿರಲಿಲ್ಲ. ಎಲ್ಲ ಮುಗಿಯಿತೆಂದೇ ನನ್ನ ಲೆಕ್ಕ. ಸಿಟ್ಟಿನಲ್ಲಿ ವ್ಯಾನು ಹತ್ತಿದೆ. ಭಾವ ಹಾಳೆಯನ್ನು ಸೀಟಿನ ಮೇಲಿಟ್ಟು ಟ್ರೇ ತರಲು ಹೋಗಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ಅದನ್ನು ಕೈಗೆತ್ತಿಕೊಂಡು ಓದಿದೆ. ಆ ದಿನದ್ದು ಎರಡು ಸಾಲು. ಕೆಳಗಿನದ್ದು: ಕೆಂಜಳಿಲು, ಒಂದು, ಧೂಪದಿಂದ ಹೆಬ್ಬಲಸಿಗೆ. ನೋಡಿದವರು, ನಾನು. ಮೇಲಿನ ಸಾಲು: ಕಾಣಲಿಲ್ಲ. ಅಲ್ಲಿ ನೋಡಿದವರು ಎಂಬ ಕಡೆ, ಮೊದಲ ಸಲ, ಭಾವನ ಹೆಸರು.

ಅವರು ಬಂದು ಕೂತಾಗ ಕೇಳಿದೆ. "ನೋಡಿದ್ದು ಇಬ್ರೂ. ಇದಕ್ಯಾಕೆ ನಿಮ್ಮೊಬ್ರ ಹೆಸರು?"

ಭಾವ ಕಿಟಕಿಯಾಚೆ ನೋಡುತ್ತ ಹೇಳಿದರು: "ಮರ ಹೋದ್ರೆ, ಯಾರಿಂದ ಹೋಯ್ತು ಅಂತ ನಾಳೆ ಯಾರಾದ್ರೂ ಹಾಳೆ ತೆಗ್ದು ನೋಡ್ತಾರೆ. ನೀನು ಸಣ್ಣೋನು, ಮಾರಾಯ. ನಿನ್ನ ಹೆಸರು ಯಾಕೆ ಬೇಕಿತ್ತು ಅದ್ರಲ್ಲಿ?"